ಕೆಳಗಿನ ಕಿಡಿ

"ಅಯ್ಯೋ, ಮತ್ತೆ ಕೆಳಗಡೆನೇ ಹಾರ್ತು!" ಗುಬ್ಬಿ ಕೆನ್ನೆ ಉಬ್ಬಿಸಿದಳು.

ಅಂಗಡಿಗಳಿಗೆ ನಿಯಾನ್ ಬೋರ್ಡ್ ಮಾಡಿಕೊಡುವ ಚಿಕ್ಕಮ್ಮನ ವರ್ಕ್‌ಶಾಪಿನಲ್ಲಿ ಟೆಸ್ಲಾ ಕಾಯಿಲ್ ಬುರ್ ಅನ್ನುತ್ತಿತ್ತು. ಉದ್ದನೆ ಪೈಪಿಗೆ ಸುತ್ತಿದ ತಾಮ್ರದ ತಂತಿ, ಅದರ ತಲೆಯ ಮೇಲೊಂದು ಅಲ್ಯೂಮಿನಿಯಂ ಉಂಗುರ. ಉಂಗುರದಿಂದ ನೇರಳೆ ಮಿಂಚು ಗಾಳಿಗೆ ಹಾರುತ್ತಿತ್ತು, ಒಂದೇ ಒಂದು ಗೇಣು.

ಕೆಳಗೆ, ಕಾಯಿಲಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಪಕ್ಕದ ಎರಡು ಹಿತ್ತಾಳೆ ಗುಂಡುಗಳ ನಡುವೆಯೂ ಆಗಾಗ 'ಟಪ್' ಅಂತ ಕಿಡಿ. ಅದನ್ನು ಕಂಡರೆ ಗುಬ್ಬಿಗೆ ಹೊಟ್ಟೆಯುರಿ. ನಾಳೆ ಸ್ಕೂಲಿನ ಸೈನ್ಸ್ ಶೋನಲ್ಲಿ ಮೊಳದುದ್ದ ಮಿಂಚು ತೋರಿಸ್ತೀನಿ ಅಂತ ಇಡೀ ಕ್ಲಾಸಿಗೆ ಡಂಗುರ ಸಾರಿ ಬಂದಿದ್ದಳಲ್ಲ!

ಚಿಕ್ಕಮ್ಮ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟನ್ನು ಉದ್ದ ಕೋಲಿನ ತಂತಿಯಿಂದ ನೆಲಕ್ಕಿಳಿಸಿದಳು. "ಏನೂ ಮುಟ್ಟಬೇಡ," ಅಂದು ಬಾಗಿಲಿಗೆ ಬಂದ ಗಿರಾಕಿಯನ್ನು ಮಾತಾಡಿಸಲು ಹೋದಳು.

ಗುಬ್ಬಿಯ ಕೈ ಸುಮ್ಮನಿರುತ್ತದೆಯೇ? ಗುಂಡುಗಳನ್ನು ದೂರ ಮಾಡಿದರೆ ಕರೆಂಟೆಲ್ಲ ಮೇಲಕ್ಕೇ ಹೋಗುತ್ತೆ. ಎಷ್ಟು ಸುಲಭ! ಸ್ಕ್ರೂಡ್ರೈವರ್ ತಗೊಂಡು ಗುಂಡಿನ ಸ್ಕ್ರೂವನ್ನು ನಾಲ್ಕು ಸುತ್ತು ತಿರುಗಿಸಿಯೇ ಬಿಟ್ಟಳು.

ಚಿಕ್ಕಮ್ಮ ಬಂದು ಸ್ವಿಚ್ ಹಾಕಿದಾಗ ಮಿಂಚು ನಿಜಕ್ಕೂ ಉದ್ದವಾಯಿತು. ಗುಬ್ಬಿ ಕುಣಿದಾಡಿದಳು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಒಳಗೆ 'ಚಟ್' ಅಂದಿತು. ಮಿಂಚು ಮಾಯ. ಅದರೊಳಗೆ ತುಂಬಿದ್ದ ಟಾರು ಸುಟ್ಟ ವಾಸನೆ ಬಂತು.

ಚಿಕ್ಕಮ್ಮ ಮತ್ತೆ ಪ್ಲಗ್ ಕಿತ್ತು, ಕೋಲು ತಾಗಿಸಿ, ಬಗ್ಗಿ ನೋಡಿದಳು. "ಹೋಯ್ತು. ನನ್ನ ಮೊದಲನೇ ಬೋರ್ಡಿಗೆ ಹಾಕಿದ್ದು ಇದು. ಹನ್ನೆರಡು ವರ್ಷ ದುಡಿದಿತ್ತು. ಗುಂಡುಗಳ ಅಳತೆ ನಾನೇ ತಪ್ಪಾಗಿ ಹಿಡಿದೆನೇನೋ. ನನ್ನ ಬುದ್ಧಿಗಿಷ್ಟು!"

ಬಾಯಿ ಮುಚ್ಚಿಕೊಂಡಿದ್ದರೆ ಗುಬ್ಬಿ ಬಚಾವ್. ಆದರೆ ಚಿಕ್ಕಮ್ಮ ತನ್ನನ್ನೇ ಬೈದುಕೊಳ್ಳುವುದನ್ನು ಕೇಳಿಕೊಂಡಿರಲು ಅವಳಿಂದ ಆಗಲಿಲ್ಲ.

"ನೀನಲ್ಲ ಚಿಕ್ಕಮ್ಮ, ನಾನು. ಕಿಡಿ ವೇಸ್ಟ್ ಆಗ್ತಿದೆ ಅಂತ... ಗುಂಡು ದೂರ ಮಾಡ್ದೆ."

"ಮುಟ್ಟಬೇಡ ಅಂದಿರ್ಲಿಲ್ವಾ? ನಿನಗೇ ಏನಾದ್ರೂ ಆಗಿದ್ರೆ?" ಚಿಕ್ಕಮ್ಮ ಗುಬ್ಬಿಯ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು.

ಆಮೇಲೆ ಅಂದಳು, "ವೇಸ್ಟ್ ಅಲ್ಲ ಕಣೇ. ಕಾಯಿಲ್ ಕಡೆಯಿಂದ ಕರೆಂಟಿನ ಹೊಡೆತ ಜಾಸ್ತಿ ಬಂದಾಗ ಅದು ಈ ಗುಂಡುಗಳ ಮಧ್ಯೆ ಹಾರಿ ಹೋಗ್ಬೇಕು. ಆ ದಾರಿ ಇಲ್ದಿದ್ರೆ ಟ್ರಾನ್ಸ್‌ಫಾರ್ಮರ್ ಒಳಗೇ ನುಗ್ಗಿ ಸುಡುತ್ತೆ."

"ಅಂದ್ರೆ... ಆ ಕಿಡಿ ಅದನ್ನ ಕಾಯ್ತಾ ಇತ್ತಾ?"

"ಹೂಂ."

ಗುಬ್ಬಿ ಗೊಳೋ ಅಂತ ಅತ್ತಳು. ಚಿಕ್ಕಮ್ಮ ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಅಟ್ಟದಿಂದ ಧೂಳು ಹಿಡಿದ ಪುಟ್ಟ ಟ್ರಾನ್ಸ್‌ಫಾರ್ಮರ್ ಒಂದನ್ನು ಇಳಿಸಿದಳು.

"ಇದರಲ್ಲಿ ಬೆರಳುದ್ದ ಮಿಂಚು ಬಂದ್ರೆ ಹೆಚ್ಚು."

"ಕ್ಲಾಸಲ್ಲಿ ಎಲ್ರೂ ನಗ್ತಾರೆ," ಅಂದಳು ಗುಬ್ಬಿ. ಸ್ವಲ್ಪ ಯೋಚಿಸಿ, "ನಗ್ಲಿ ಬಿಡು," ಅಂತಲೂ ಅಂದಳು.

ಹೊಸದಾಗಿ ತಂತಿ ಜೋಡಿಸಿ ಗುಂಡುಗಳ ಅಳತೆ ಹಿಡಿಯಬೇಕಿತ್ತು. ಚಿಕ್ಕಮ್ಮ ವಯರಿನ ಪ್ಲಗ್ ಎತ್ತಿ ಗುಬ್ಬಿಯ ಕೈಗಿಟ್ಟಳು.

"ನನ್ನ ಕೈ ಒಳಗಿರೋವರೆಗೂ ಇದು ನಿನ್ನ ಹತ್ರ ಇರ್ಲಿ. ಯಾರು ಕೇಳಿದ್ರೂ ಕೊಡ್ಬೇಡ."

"ನನಗಾ?"

"ಇನ್ಯಾರಿಗೆ?"

ಗುಬ್ಬಿ ಪ್ಲಗ್ಗನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಳು. ಚಿಕ್ಕಮ್ಮನ ಬೆರಳುಗಳು ತಂತಿಗಳ ನಡುವೆ ಓಡಾಡತೊಡಗಿದವು. ಗುಬ್ಬಿಗೆ ಮೂಗಿನ ತುದಿ ತುರಿಸಿತು, ತುಂಬಾನೇ ತುರಿಸಿತು.

ಅವಳು ಕೈ ತೆಗೆಯಲಿಲ್ಲ.