ರಟ್ಟಿನ ಹಿಂದಿನ ಮಾತು

ಹಾಲೇಶ ಬಾಯಿಗೆ ರಟ್ಟು ಅಡ್ಡ ಹಿಡಿದನೆಂದರೆ ಕಳಕಮ್ಮನಿಗೆ ಕಾಣುತ್ತಿದ್ದುದು ಅವನ ಕಣ್ಣು ಮಾತ್ರ. ಕಿವಿ ಪರೀಕ್ಷೆಯ ರೀತಿಯೇ ಅದು. ತುಟಿ ನೋಡಿ ಮಾತು ಹಿಡಿಯುವವರಿಗೆ ತುಟಿ ಕಾಣಬಾರದು. ಅವನು ಹೇಳಿದ್ದನ್ನು ಕೇಳಿಸಿಕೊಂಡು ಹಾಗೆಯೇ ತಿರುಗಿ ಹೇಳಬೇಕು. ಮೂರು ವರ್ಷದಿಂದ ಅವನು ‘ಹುಣಸಿಮರ’ ಎನ್ನುವುದು, ಅವಳು ‘ಹುಣಸಿಮರ’ ಎನ್ನುವುದು, ರಟ್ಟಿನ ಮೇಲಿಂದ ಆ ಎರಡು ಕಣ್ಣು ನಗುವುದು. ಹುಣಸೆಮರದಲ್ಲಿ ಅಷ್ಟು ನಗುವಂಥದ್ದೇನಿದೆಯೋ, ಅವರಿಬ್ಬರಿಗೇ ಗೊತ್ತು.

ತಾವರಗೇರಾದಲ್ಲಿ ಅವಳದೊಂದು ಬ್ಲೌಸ್ ಹೊಲಿಯುವ ಅಂಗಡಿ. ಎರಡು ತಿಂಗಳಿಗೊಮ್ಮೆ ಅಂಗಡಿ ಮುಚ್ಚಿ, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ, ಕೊಪ್ಪಳದ ಈ ಕ್ಲಿನಿಕ್ಕಿಗೆ ಬರುತ್ತಿದ್ದಳು. ದೂರು ಯಾವಾಗಲೂ ಒಂದೇ: “ಕಿವಿ ಮಷಿನ್ ಗರಗರ ಅಂತೈತ್ರಿ ಸರ್.”

ನಿಜ ಹೇಳಬೇಕೆಂದರೆ ಮಷಿನ್ನಿಗೆ ಯಾವ ರೋಗವೂ ಇರಲಿಲ್ಲ. ಹಾಲೇಶ ಅದನ್ನು ವೈರಿನಿಂದ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ, ಹುಬ್ಬು ಗಂಟಿಕ್ಕಿ, ಅರ್ಧ ತಾಸು ಏನೇನೋ ಒತ್ತುತ್ತ ದನಿ ಸರಿಪಡಿಸಲು ಕೂರುತ್ತಿದ್ದ. ಆ ಅರ್ಧ ತಾಸು ಅವನ ಎದುರು ಕೂರುವುದಕ್ಕಾಗಿ ಅವಳು ಸುಳ್ಳು ಹೇಳುತ್ತಿದ್ದಳು.

ಈ ಸಲ ಬಾಗಿಲಲ್ಲೇ ಚೀಟಿ ಬರೆಯುವ ಮುನ್ನಿ ತಡೆದಳು. “ಬಂತೇನವಾ ಗರಗರ? ಒಳಗ ನಡಿ. ಸರ್ ಮುಂಜಾನಿಂದ ಮಕ ಸಣ್ಣ ಮಾಡ್ಕೊಂಡು ಕುಂತಾರ.”

ಒಳಗೆ ಹಾಲೇಶ ನಗಲಿಲ್ಲ. “ಕಳಕಮ್ಮನವ್ರ, ಎಲ್ಲಾ ಕಂಪ್ಯೂಟರ್ ಹೊಸಾವು ಬಂದಾವ್ರಿ. ನಿಮ್ಮ ಮಷಿನ್ನಿನ ಸಾಫ್ಟ್‌ವೇರ್ ಅವುಗಳಾಗ ಓಡೂದಿಲ್ಲ. ಮಾಡಿದ ಕಂಪನಿಯವ್ರೂ ಕೈ ಬಿಟ್ಟಾರ. ಈ ಹಳೇ ಲ್ಯಾಪ್‌ಟಾಪಿಗೂ ಇವತ್ತ ಕಡೀ ದಿನ.”

“ಮತ್ತ ನನ್ನ ಮಷಿನ್?”

“ನಡೀತದ. ಆದ್ರ ಇನ್ಮ್ಯಾಲೆ ಅದರ ದನಿ ತಿದ್ದಾಕ ಆಗೂದಿಲ್ಲ. ಅದಕ್ಕ ಹೊಸಾದು ತರಿಸೀನಿ. ಮೊಬೈಲ್‌ನಾಗ ನಡಿತೈತಿ. ನೀವು ಅಂಗಡ್ಯಾಗ ಕುಂತು, ಬಟ್ಟಿ ಹೊಲಕೋತ ದನಿ ಏರಿಸ್ಬಹುದು, ಇಳಿಸ್ಬಹುದು.”

“ಇಲ್ಲಿಗೆ ಬರೂದು?”

“ಬೇಕಾಗಿಲ್ರಿ.” ಅದನ್ನವನು ಟೇಬಲ್ ನೋಡುತ್ತ ಹೇಳಿದ.

ಕಂಪನಿಯವರು ಮಷಿನ್ನಿನ ಕೈ ಬಿಟ್ಟದ್ದಕ್ಕೆ ಕಳಕಮ್ಮ ಹೋಗಲಿ ಅನ್ನಬಹುದಿತ್ತು. ಇನ್ನು ಯಾವ ನೆಪ ಹೇಳಿ ಕೊಪ್ಪಳದ ಬಸ್ಸು ಹತ್ತುವುದು?

ಅವಳ ಕಿವಿಗೆ ಹೊಂದಿಸಿದ್ದನ್ನೆಲ್ಲ ಬರೆದುಕೊಳ್ಳಲು ಹಾಲೇಶ ಹಳೆಯ ಲ್ಯಾಪ್‌ಟಾಪನ್ನು ಕೊನೆಯ ಸಲ ತೆರೆದ. ಪರದೆ ಅರ್ಧ ಅವಳ ಕಡೆಗಿತ್ತು. ಅದರ ಮೇಲೆ ಅವಳ ಹೆಸರು, ಕೆಳಗೆ ಅವಳು ಬಂದುಹೋದ ಹದಿನೆಂಟು ತಾರೀಖು. ಪ್ರತಿ ತಾರೀಖಿನ ಎದುರೂ ಇಂಗ್ಲಿಷಿನಲ್ಲಿ ಎರಡೇ ಶಬ್ದ: ‘ನೋ ಚೇಂಜ್’. ಅವಳು ಪಿಯುಸಿ ಓದಿದವಳು. ಮೇಲಿಂದ ಕೆಳಗೆ ಎರಡು ಸಲ ಓದಿದಳು. ಹದಿನೆಂಟು ಸಲವೂ ಅವನು ಏನನ್ನೂ ಬದಲಿಸಿರಲಿಲ್ಲ.

“ಏನ್ರಿ ಸರ್ ಇದು? ಅರ್ಧರ್ಧ ತಾಸು ಏನ್ ಒತ್ತತಿದ್ರಿ ಹಂಗಾದ್ರ?”

ಹಾಲೇಶನ ಕಿವಿ ಕೆಂಪಾದವು. “ಗರಗರಾನ ಇದ್ದಿಲ್ಲಲ್ರಿ. ಏನ್ ತಿದ್ದಲಿ?”

“ಯಾವಾಗಿಂದ ಗೊತ್ತು?”

“ಮೊದಲ್ನೇ ಸಲದಿಂದ.”

“ಹೇಳಬಾರದೇನ್ರಿ?”

“ಹೇಳಿದ್ರ ನೀವು ಬರ್ತಿದ್ದಿಲ್ಲ.”

ಕಳಕಮ್ಮ ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದಳು, ಎದುರಿಗೊಬ್ಬ ಕಳ್ಳ ಮೂರು ವರ್ಷದಿಂದ ಹುಬ್ಬು ಗಂಟಿಕ್ಕಿ ಕೂತಿದ್ದ! ನಾಚಿಕೆ ಬರಬೇಕಿತ್ತು. ಬಂದದ್ದು ಬೆರಗು. ತನ್ನಂಥವಳ ಒಂದು ಸುಳ್ಳನ್ನು ಯಾರಾದರೂ ಇಷ್ಟು ಜೋಪಾನವಾಗಿ ಕಾಯ್ದುಕೊಂಡು ಬರುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅವನು ಹೊಸ ಮಷಿನ್ನನ್ನು ಅವಳ ಕಿವಿಗೆ ಸಿಕ್ಕಿಸಿದ.

ಲೋಕ ಒಮ್ಮೆಲೇ ಹತ್ತಿರ ಬಂತು. ಕಿಟಕಿಯ ತಗಡಿನ ಮೇಲೆ ಪಾರಿವಾಳದ ಹೆಜ್ಜೆ. ಹೊರಗೆ ಚೀಟಿಯ ಮೇಲೆ ಓಡುವ ಮುನ್ನಿಯ ಪೆನ್ನು. ತನ್ನದೇ ಸೀರೆಯ ಸೆರಗು ತೊಡೆಯ ಮೇಲೆ ಸರಿದಾಗಲೂ ಸದ್ದಾಗುತ್ತದೆಯೇ? ಇಷ್ಟು ದಿನ ಇದೆಲ್ಲ ತನ್ನ ಸುತ್ತಲೇ ಇತ್ತೇ? ಅವಳ ಕಣ್ಣು ತುಂಬಿ ಬಂದವು.

“ಕಡೀ ಪರೀಕ್ಷೆ,” ಎಂದು ಹಾಲೇಶ ರಟ್ಟು ಎತ್ತಿಕೊಂಡ. “ಹೇಳಿದ್ದು ತಿರುಗಿ ಹೇಳ್ರಿ.”

ಅವನು ಬಾಯಿ ತೆರೆಯುವ ಮೊದಲೇ ಅವಳಿಗೆ ಅವನ ಉಸಿರು ಕೇಳಿಸಿತು. ಗಂಟಲು ಉಗುಳು ನುಂಗಿದ್ದೂ ಕೇಳಿಸಿತು. ಅವನು ಹೆದರಿದ್ದಾನೆ! ಮೂರು ವರ್ಷ ಅವನ ಕಣ್ಣು ನೋಡಿದರೂ ತಿಳಿಯದ್ದು ಒಂದು ಉಸಿರಿನಲ್ಲಿ ತಿಳಿಯಿತು.

“ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಹೆಣ್ಣು ಕೇಳಾಕ ಬರಬೇಕಂತ ಮಾಡೀನಿ.”

ಪ್ರತಿ ಅಕ್ಷರವೂ ಕೇಳಿಸಿತು. ಆದರೂ ಅವಳು ಇಲ್ಲವೆಂದು ತಲೆಯಾಡಿಸಿದಳು. “ಕೇಳಿಸ್ಲಿಲ್ರಿ.”

ರಟ್ಟಿನ ಮೇಲಿನ ಕಣ್ಣು ಬಾಡಿದವು. ಕಳಕಮ್ಮ ಕೈ ಚಾಚಿ ರಟ್ಟನ್ನು ಮೆಲ್ಲಗೆ ಕೆಳಗಿಳಿಸಿದಳು.

“ಈಗ ಹೇಳ್ರಿ. ಈ ಮಾತು ನಾ ನೋಡಾಕೂ ಬೇಕು.”

ಅವನು ಮತ್ತೆ ಹೇಳಿದ. ತಡವರಿಸುತ್ತ, ಅರ್ಧ ನಗುತ್ತ ಹೇಳಿದ. ಅವಳು ತುಟಿಯನ್ನೂ ಬಿಡದೆ, ದನಿಯನ್ನೂ ಬಿಡದೆ ಪೂರ್ತಿ ಕೇಳಿದಳು. ಹೇಳಿದ್ದನ್ನು ಹಾಗೆಯೇ ತಿರುಗಿ ಹೇಳಬೇಕೆಂಬ ನಿಯಮವನ್ನು ಮೊದಲ ಸಲ ಮುರಿದಳು.

“ಐತವಾರ ಬರ್ರಿ,” ಅಂದಳು. “ಅವತ್ತ ಅಂಗಡಿ ಬಂದ್ ಇರತೈತಿ.”