ಬಾಯಿ ತೆರೆಯಿರಿ, ಮೇಲೆ ನೋಡಿ

ಸೂಜಿ ನನ್ನ ಬಲಗಣ್ಣಿನ ಕೆಳಗೆ ಎಳ್ಳುಕಾಳಿನಷ್ಟು ದೂರದಲ್ಲಿತ್ತು.

"ಅಲ್ಲಾಡ್ಬೇಡಿ ಅಕ್ಕ," ಎಂದ ದೊಡ್ಡ ಡಾಕ್ಟರ ಅಳಿಯ, ಅವನೂ ಡಾಕ್ಟರ್. "ಅಲ್ಲಾಡಿದ್ರೆ ಕಣ್ಣು ಹೋಗುತ್ತೆ. ಆಮೇಲೆ ನನ್ನ ಬೈಬೇಡಿ."

ನಾನು ಅಲ್ಲಾಡಲಿಲ್ಲ.

ಮಾತಾಡಿದೆ.

"ಡಾಕ್ಟ್ರೇ... ಬಾಯಿ ತೆರೀರಿ ಅನ್ಲೇ ಇಲ್ವಲ್ಲ?"

ಸೂಜಿ ನಿಂತಿತು.

"ಏನು?"

"ಕುಯ್ಯೋ ಜಾಗಕ್ಕೆ ಗೆರೆ ಹಾಕೋಕೆ ಮುಂಚೆ ಕೂರಿಸ್ಬೇಕಂತೆ. ಬಾಯಿ ತೆರೆಸಿ, ಮೇಲೆ ನೋಡಿಸ್ಬೇಕಂತೆ. ನೀವು ಮಲಗಿಸಿ ಹಾಕಿಬಿಟ್ರಿ."

ಮಾಸ್ಕಿನ ಮೇಲೆ ಅವನ ಕಣ್ಣುಗಳು ಕಿರಿದಾದವು.

"ಯಾರು ಹೇಳಿದ್ದು ನಿಮ್ಗೆ?"

"ಒಬ್ಬ ಟೈಲರಮ್ಮ."

ಬಾಗಿಲು ಮುಚ್ಚಿದೆಯೇ ಎಂದು ಅವನು ತಿರುಗಿ ನೋಡಿದ! ನನಗೆ ಬೇಕಾಗಿದ್ದ ಉತ್ತರ ಅದೇ. ಆದರೆ ಸೂಜಿ ಇನ್ನೂ ಅಲ್ಲೇ ಇತ್ತು...

ನಿಲ್ಲಿ, ಇನ್‌ಸ್ಪೆಕ್ಟರ್ ಮೇಡಂ. ವಿಚಾರಣೆ ನಿಮ್ಮದು, ಬರೆದುಕೊಳ್ಳುವವರು ನೀವು. ಮೊದಲಿನಿಂದ ಹೇಳದಿದ್ದರೆ ತಲೆಬುಡ ಸಿಗುವುದಿಲ್ಲ.

ನಾನು ಪೊಲೀಸ್ ಇಲಾಖೆಯಲ್ಲಿ ಹದಿನೆಂಟು ವರ್ಷ ಇದ್ದೆ. ಬಿಟ್ಟ ಮೇಲೆ ಮುಖದ ಅಂದ ತಿದ್ದುವ ಒಂದು ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಸುವ ಕೆಲಸ ಹಿಡಿದೆ. ಹೊಡೆತ ಬಡಿತ ಏನಿಲ್ಲ. ಯಾರಿಗೋ ಮೂಗು ಸೊಟ್ಟಗಾಗಿರುತ್ತದೆ, ಇನ್ಯಾರಿಗೋ ನಗು ಒಂದೇ ಕಡೆಗೆ ಬರುತ್ತದೆ. ಅವರು ಆಸ್ಪತ್ರೆಯ ಮುಂದೆ ನಿಂತು ಕೂಗಾಡುವ ಮೊದಲೇ ನಾನು ಅವರ ಮನೆಯಲ್ಲಿರುತ್ತೇನೆ. ಅವರು ಕೊಟ್ಟ ನೀರು ಕುಡಿಯುತ್ತೇನೆ. ಮಕ್ಕಳ ವಿಷಯ ಕೇಳುತ್ತೇನೆ. ಎದ್ದು ಬರುವಾಗ ಕೈಯಲ್ಲಿ ದೂರು ಕೊಡುವುದಿಲ್ಲವೆಂಬ ಸಹಿ ಇರುತ್ತದೆ.

ಆ ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ದೊಡ್ಡ ಡಾಕ್ಟರ್ ಕಣ್ಣ ಸುತ್ತಲಿನ ಆಪರೇಷನ್ನಿಗೆ ಹೆಸರಾದವರು. ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು. ನೋಡುವುದು, ಮಾತಾಡುವುದು, ಗೆರೆ ಹಾಕುವುದು ಅವರು. ಒಳಗೆ ಕುಯ್ಯುವುದು ಅಳಿಯ. ಬೋರ್ಡಿನಲ್ಲಿ ಮಾತ್ರ ಮಾವನ ಹೆಸರು.

ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಕೇಳದೆ ಇರುವುದೂ ನನ್ನ ಕೆಲಸದಲ್ಲಿ ಸೇರಿತ್ತು, ಮೇಡಂ.

ಟೈಲರಮ್ಮನ ಮನೆಗೆ ಹೋದದ್ದು ಒಂದು ವರ್ಷದ ಹಿಂದೆ, ಅವಳ ಆಪರೇಷನ್ ಆಗಿ ಆರು ತಿಂಗಳಿಗೆ. ಒಂದೇ ಕೋಣೆ. ಕಿಟಕಿ ಪಕ್ಕ ಹೊಲಿಗೆ ಮಿಷನ್, ಗೋಡೆಗೆ ಅರ್ಧ ಹೊಲಿದ ಅಂಗಿಗಳು. ಅವಳ ಕಣ್ಣಿನ ಕೆಳರೆಪ್ಪೆ ಕೆಳಗೆ ಜಗ್ಗಿ, ಒಳಗಿನ ಕೆಂಪು ಹೊರಗೆ ಕಾಣುತ್ತಿತ್ತು. ರೆಪ್ಪೆ ಮುಚ್ಚಲು ನೋಡಿದರೆ ನಡುವೆ ಬಿಳಿ ಉಳಿಯುತ್ತಿತ್ತು. ಹಗಲೂ ರಾತ್ರಿ ಮುಲಾಮು. ಆ ಮುಲಾಮಿನ ಮಂಜಿನಲ್ಲಿ ಅವಳು ನನ್ನನ್ನು ನೋಡಿದಳು.

"ನಿಮ್ಮ ಅಂಗಿ ಗುಂಡಿ ಜೋತು ಬಿದ್ದಿದೆ. ಬನ್ನಿ ಇಲ್ಲಿ."

"ಇರ್ಲಿ ಬಿಡಿ..."

"ಬನ್ನಿ ಅಂದ್ರೆ! ಜೋತು ಬಿದ್ದಿದ್ದು ನೋಡಿದ್ರೆ ನನಗೆ ತಡ್ಯೋಕಾಗಲ್ಲ. ಅದಕ್ಕೇ ತಾನೆ ಕಣ್ಣನ್ನೂ ಮಾಡಿಸ್ಕೊಂಡಿದ್ದು."

ಹೇಳಿ ನಕ್ಕಳು. ಕೈಯಲ್ಲೇ ತಡವರಿಸಿ ಗುಂಡಿ ಹೊಲಿದಳು. ಬಿಳಿ ಅಂಗಿಗೆ ನೀಲಿ ದಾರ! ಅವಳಿಗೆ ಕಾಣಲಿಲ್ಲ. ನಾನು ಹೇಳಲಿಲ್ಲ.

"ದೊಡ್ಡ ಡಾಕ್ಟ್ರು ಕೂರಿಸಿ, ಬಾಯಿ ತೆರೆಸಿ, ಮೇಲೆ ನೋಡಿಸಿ ಗೆರೆ ಹಾಕಿದ್ರು," ಎಂದಳು. "ಒಳಗೆ ಇನ್ನೊಬ್ಬ ಬಂದ. ಮಲಗಿಸಿ ಆ ಗೆರೆ ಅಳಿಸ್ದ. ಬೇರೆ ಹಾಕ್ದ. ಅಂಗಿ ಅಳತೆ ತಗೊಳ್ಳೋವಾಗ ನಾವು ಕೈ ಎತ್ತಿ ಅಂತೀವಿ. ಎತ್ತಿಸ್ದೆ ಅಳೆದ್ರೆ ಕಂಕುಳಲ್ಲಿ ಹಿಡಿಯುತ್ತೆ. ಇದೂ ಹಾಗೇ ಅಲ್ವಾ? ಮಲಗಿರೋರ ಚರ್ಮ ಸಡಿಲಾಗೇ ಇರುತ್ತೆ. ಅವನು ಬಟ್ಟೆ ಜಾಸ್ತಿ ಕತ್ತರಿಸ್ಬಿಟ್ಟ ಕಣ್ರೀ..."

ಯಾವ ಕೋರ್ಟೂ ಇಷ್ಟು ಚೆನ್ನಾಗಿ ಹೇಳಲಾರದು.

ನಾನು ಕಾಗದ ಮುಂದಿಟ್ಟೆ.

"ನನಗೆ ಅಕ್ಷರ ಕಾಣಲ್ಲ. ನೀವೇ ಓದಿ."

ಓದಿದೆ. ನಿಧಾನವಾಗಿ, ಅಕ್ಕರೆಯಿಂದ. ಎರಡು ಸಾಲು ಬಿಟ್ಟು.

ಬಿಟ್ಟ ಸಾಲುಗಳು ಇವು: 'ನನ್ನ ಕಣ್ಣನ್ನು ನಾನೇ ಉಜ್ಜಿಕೊಂಡು ಕೆಡಿಸಿಕೊಂಡಿದ್ದೇನೆ. ಇನ್ನು ಮುಂದೆ ಈ ಕುರಿತು ಯಾರೊಂದಿಗೂ ಮಾತನಾಡುವುದಿಲ್ಲ.'

"ಸಹಿ ಎಲ್ಲಿ ಹಾಕ್ಲಿ?" ಎಂದಳು. ಅವಳ ಬೆರಳು ಹಿಡಿದು ಜಾಗ ತೋರಿಸಿದೆ. ಕೆಳಗೆ ಸಾಕ್ಷಿಯಾಗಿ ನಾನೂ ಸಹಿ ಹಾಕಿದೆ.

ಹೋದ ತಿಂಗಳು ಅವಳು ಬಸ್ಸಿನಿಂದ ಇಳಿದು ರಸ್ತೆ ದಾಟಿದಳು. ಮಟಮಟ ಮಧ್ಯಾಹ್ನ. ಬಂದ ಲಾರಿ ಅವಳಿಗೆ ಕಾಣಲಿಲ್ಲ.

ಅವಳ ಮಗಳು ಬಾಯಿ ಬಿಡದಂತೆ ನೋಡಿಕೋ ಎಂದು ಆಸ್ಪತ್ರೆಯವರು ನನ್ನನ್ನೇ ಕಳಿಸಿದರು. ಹೋದೆ. ಅದೇ ಕೋಣೆ. ಮಗಳು ಸತ್ತ ಅಮ್ಮನ ಪಕ್ಕ ಕೂತು ಅಂಗೈಯಿಂದ ರೆಪ್ಪೆ ಸವರುತ್ತಿದ್ದಳು. ಮುಚ್ಚುತ್ತಿರಲಿಲ್ಲ. ಮತ್ತೆ ಸವರಿದಳು. ಮುಚ್ಚಲಿಲ್ಲ. ಕೈ ತೆಗೆದರೆ ನಡುವೆ ಬಿಳಿ... ಬಾಗಿಲಲ್ಲಿ ನಿಂತ ನನ್ನ ಕಡೆಗೇ!

ಬಾಯಿ ಮುಚ್ಚಿಸಿದವಳು ನಾನು. ಕಣ್ಣು ಮುಚ್ಚಿಸಲು ನನ್ನ ಹತ್ತಿರ ಕಾಗದವಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮುಖ ತೊಳೆದು ಕನ್ನಡಿ ನೋಡಿದರೆ ನನ್ನ ಹಿಂದೆ ಯಾರೋ ರೆಪ್ಪೆ ಬಡಿಯದೆ ನಿಂತಂತೆ. ಅಂಗಿಯ ಗುಂಡಿಗಳಲ್ಲಿ ಎರಡೆರಡು ತೂತು... ಎಲ್ಲವೂ ನೋಡುತ್ತಿದ್ದವು. ನೀಲಿ ದಾರದ್ದು ಮಾತ್ರ ಬೇರೆ ಥರ ನೋಡುತ್ತಿತ್ತು. ಅಂಗಿ ಬಿಸಾಡಲು ಎರಡು ಸಲ ಹೋದೆ. ಎರಡು ಸಲವೂ ತೊಟ್ಟುಕೊಂಡು ವಾಪಸ್ ಬಂದೆ.

ಸತ್ತವಳ ಮಾತು ನಿಜವೋ ಸುಳ್ಳೋ ತಿಳಿಯಲು ಒಂದೇ ದಾರಿ ಉಳಿದಿತ್ತು: ನಾನೇ ಪೇಷಂಟಾಗುವುದು. ನನಗೂ ವಯಸ್ಸಾಯಿತು, ಐವತ್ತೆರಡು. ನನ್ನ ಕಣ್ಣ ಕೆಳಗೂ ಚರ್ಮ ಜೋತಿದೆ.

"ಅಂತೂ ಬಂದ್ರಲ್ಲ ಅಕ್ಕ!" ಎಂದರು ದೊಡ್ಡ ಡಾಕ್ಟರ್. "ಎಷ್ಟು ವರ್ಷದಿಂದ ಹೇಳ್ತಿದ್ದೆ."

"ದಾರಿ ಏನೇನಿದೆ ಹೇಳಿ ಸಾರ್."

"ಬರೀ ಗುಳಿ ಬಿದ್ದಿದ್ರೆ ಅದನ್ನ ತುಂಬೋಕೆ ಫಿಲ್ಲರ್ ಇಂಜೆಕ್ಷನ್. ಸಣ್ಣ ಸುಕ್ಕಿಗೆ ಲೇಸರ್. ಕೊಬ್ಬು ಉಬ್ಬಿದ್ರೆ ರೆಪ್ಪೆ ಒಳಗಡೆಯಿಂದಾನೇ ತೆಗೀಬಹುದು, ಹೊರಗೆ ಗಾಯ ಕಾಣಲ್ಲ. ನಿಮ್ದು ಚರ್ಮಾನೇ ಸಡಿಲ. ರೆಪ್ಪೆಗೂದಲಿನ ಕೆಳಗೆ ಕುಯ್ದು ಒಂದು ಚೂರು ತೆಗೀಬೇಕು."

"ಏನೂ ಮಾಡಿಸ್ದೇ ಇದ್ರೆ?"

"ಅದೂ ಒಂದು ದಾರೀನೇ. ಅದಕ್ಕೆ ಯಾರೂ ನನ್ನ ಹತ್ರ ಬರಲ್ಲ, ಅಷ್ಟೇ."

ನಕ್ಕರು. ನನ್ನ ಕೆಳರೆಪ್ಪೆ ಹಿಡಿದು ಎಳೆದು ಬಿಟ್ಟರು, ಅದು ಎಷ್ಟು ಬೇಗ ವಾಪಸ್ ಕೂರುತ್ತದೆಂದು ನೋಡಿದರು. ಪೆನ್ ತೆಗೆದರು.

"ಬಾಯಿ ತೆರೀರಿ. ಮೇಲೆ ನೋಡಿ."

ಟೈಲರಮ್ಮ ಹೇಳಿದ್ದು ಇದೇ ಮಾತು.

ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಗೆರೆ ಎಳೆದರು. ತೆಳ್ಳಗೆ, ರೆಪ್ಪೆಯ ಹತ್ತಿರವೇ.

"ಬಾಯಿ ತೆರೆದಾಗ ಕೆನ್ನೆ ಕೆಳಗೆ ಎಳೆಯುತ್ತೆ. ಆಗ್ಲೂ ಮಿಕ್ಕೋ ಚರ್ಮ ಮಾತ್ರ ಹೆಚ್ಚಿನದು. ಉಳಿದಿದ್ದು ನಿಮಗೆ ಬೇಕು. ನಗೋಕೆ, ಅಳೋಕೆ, ಮಲಗೋಕೆ."

"ಆಪರೇಷನ್ ಮಾಡೋದು ಯಾರು ಸಾರ್?"

"ನಾನೇ," ಎಂದರು. ಪೆನ್ನಿಗೆ ಮುಚ್ಚಳ ಹಾಕುತ್ತಾ. ಮೂರನೇ ಸಲಕ್ಕೆ ಮುಚ್ಚಳ ಕೂತಿತು.

ಅರ್ಧ ಗಂಟೆಗೆ ಆಪರೇಷನ್ ಥಿಯೇಟರಿನಲ್ಲಿ ಮಲಗಿದ್ದೆ. ಅಂಗಿಯ ಮೇಲೆ ಹಸಿರು ಗೌನು. ಬಂದವನು ಅಳಿಯ. ಹತ್ತಿಗೆ ಸ್ಪಿರಿಟ್ ಹಾಕಿ ಗೆರೆ ಒರೆಸಿದ.

"ಮಾವಂದು ಹಳೇ ಕಾಲದ ಅಳತೆ. ಬಿಗಿಯಾಗ್ಲಿ ಅಂತ ತಾನೆ ಜನ ಬರೋದು!"

ಹೊಸ ಗೆರೆ ಹಾಕಿದ. ಅಗಲವಾಗಿ. ನಾನು ಬಾಯಿ ಮುಚ್ಚಿಕೊಂಡು ಮಲಗಿದ್ದೆ. ಎಡಗಣ್ಣಿನ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ. ಬಲಗಣ್ಣಿಗೆ ಬಂದ...

ಅಲ್ಲಿಗೆ ಬಂದೆವಲ್ಲ ಮೇಡಂ? ಸೂಜಿಗೆ.

"ಟೈಲರಮ್ಮ ಸತ್ತಳಲ್ಲ," ಎಂದ. ದನಿ ಮೆತ್ತಗಿತ್ತು. "ಕಣ್ಣು ಸೂಕ್ಷ್ಮ ಅಕ್ಕ. ಪೇಷಂಟ್ ಅಲ್ಲಾಡಿದ್ರು ಅಂತ ನಾನೊಂದು ಸಾಲು ಬರೆದ್ರೆ ಮುಗೀತು. ಆಮೇಲೆ ಸಮಾಧಾನ ಮಾಡೋಕೆ ನಿಮ್ಮ ಮನೆಗೆ ಯಾರನ್ನ ಕಳಿಸೋದು? ನೀವೇ ಇಲ್ಲಿ ಮಲಗಿದ್ದೀರಲ್ಲ! ಸಿಸ್ಟರ್, ಕೈ ಹಿಡ್ಕೊಳ್ಳಿ."

ಸಿಸ್ಟರ್ ಕೈ ಹಿಡಿದಳು.

ಕಾಲು ಹಿಡಿಯಲು ಯಾರಿಗೂ ಹೇಳಿರಲಿಲ್ಲ!

ಒದ್ದೆ. ಟ್ರೇ ಹಾರಿತು. ಕತ್ತರಿ, ಚಿಮುಟ, ಬಟ್ಟಲು ಎಲ್ಲ ನೆಲದ ಮೇಲೆ ಗಣಗಣ! ಉರುಳಿದೆ. ಎದ್ದೆ. ಓಡಿದೆ.

"ಗೂಳಿ! ಹಿಡಿ ಅವಳನ್ನ! ಮುಖದ ಗೆರೆ ಅಳಿಸು!"

ಗೂಳಿ ಆಸ್ಪತ್ರೆಯ ಕಾವಲುಗಾರ. ಆ ಹೆಸರಿಟ್ಟವಳೂ ನಾನೇ, ಕೆಲಸಕ್ಕೆ ಸೇರಿಸಿದವಳೂ ನಾನೇ. ಒಬ್ಬರನ್ನು ಹೇಗೆ ಬೆನ್ನಟ್ಟಬೇಕೆಂದು ಕಲಿಸಿದವಳೂ...

ಬಟ್ಟೆ ಒಗೆಯುವ ಕೋಣೆ. ಹಿಂದಿನ ಮೆಟ್ಟಿಲು. ಗಲ್ಲಿ. ಬರಿಗಾಲಿಗೆ ಕಾದ ಸಿಮೆಂಟು. ಎಡಗಡೆ ಮುಖವೇ ನನ್ನದಲ್ಲ. ಹಿಂದೆ ದಪದಪ ಹೆಜ್ಜೆ.

"ಅಕ್ಕಾ, ನಿಂತ್ಕೋ! ಏನೂ ಮಾಡಲ್ಲ! ಸ್ವಲ್ಪ ಮುಖ ಒರೆಸ್ತೀನಿ, ಅಷ್ಟೇ!"

ಗಲ್ಲಿಯ ಕೊನೆಗೆ ಗೋಡೆ. ತಿರುಗಿ ನಿಂತೆ. ಅವನ ಮುಷ್ಟಿಯಲ್ಲಿ ಸ್ಪಿರಿಟ್ ಹತ್ತಿ ತೊಟ್ಟಿಕ್ಕುತ್ತಿತ್ತು.

"ಮುಂದಿನ ವಾರ ನಿನ್ನ ಹೆಂಡ್ತಿ ಆಪರೇಷನ್ ಇದೆ ಅಲ್ವೇನೋ?"

"ಹೌದು... ಸಾಹೇಬ್ರು ಪುಕ್ಕಟೆ ಮಾಡ್ಕೊಡ್ತಾರಂತೆ."

"ಅದೇ ಟೇಬಲ್ಲು. ಅದೇ ಕೈ. ಟೈಲರಮ್ಮನ ಕಣ್ಣು ನೋಡಿದ್ಯಲ್ಲ? ಗೇಟಲ್ಲಿ ತಡೆದೋನು ನೀನೇ."

ಅವನು ಬೆವತ. ನನ್ನ ಮುಖದ ಗೆರೆ ನೋಡಿದ. ಯೋಚನೆ ಮಾಡುತ್ತಾ ಹಣೆ ಒರೆಸಿಕೊಂಡ...

ಅದೇ ಹತ್ತಿಯಿಂದ!

"ಅಯ್ಯಯ್ಯೋ ಉರಿ! ಅಕ್ಕಾ, ಉರಿ!"

"ಕಣ್ಣು ಮುಚ್ಕೊಳ್ಳೋ, ಕೋಣ! ನಿನಗೆ ಮುಚ್ಚೋಕೆ ಆಗುತ್ತೆ!"

ಅವನ ಪಕ್ಕದಿಂದ ನುಸುಳಿದೆ. ಅವನು ಕೈ ಚಾಚಲಿಲ್ಲ. ಕಾಣದೆಯೋ, ಬೇಡವೆಂದೋ... ಇವತ್ತಿಗೂ ಗೊತ್ತಿಲ್ಲ.

ಬಸ್ಸು ಹತ್ತಿದೆ. ಹಸಿರು ಗೌನು, ಬರಿಗಾಲು, ಕಣ್ಣ ಕೆಳಗೆ ನೇರಳೆ ಗೆರೆ. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ.

ಆಗ ನೀರು ಬರತೊಡಗಿತು. ಇಂಜೆಕ್ಷನ್ನಿನ ನೀರೋ, ಇನ್ನೆಂಥದೋ. ಬೆವರು ಬೇರೆ. ಗೆರೆ ಕರಗಿದರೆ ನನ್ನ ಹತ್ತಿರ ಏನೂ ಇಲ್ಲ. ಒಬ್ಬ ಸತ್ತವಳ ಮಾತು, ಒಬ್ಬ ಸುಳ್ಳುಗಾತಿಯ ಮಾತು. ಯಾರು ನಂಬುತ್ತಾರೆ?

ತಲೆ ಹಿಂದಕ್ಕೆ ಒರಗಿಸಿದೆ. ರೆಪ್ಪೆ ಬಡಿದರೆ ನೀರು ಕೆಳಗಿಳಿಯುತ್ತದೆ. ಬಡಿಯಲಿಲ್ಲ. ಕಿಟಕಿಯ ಗಾಳಿ ಕಣ್ಣಿಗೆ ಬಡಿಯಿತು. ಧೂಳು. ಮರಳು ತುಂಬಿದಂತೆ ಉರಿ. ಬಡಿಯಲಿಲ್ಲ. ನಾಲ್ಕು ಸ್ಟಾಪು... ಐದು... ಎದುರಿನವಳ ಮುಖ ಮಂಜಾಯಿತು, ಸೀಟುಗಳ ಬಣ್ಣ ಹೋಯಿತು. ನೀಲಿ ಯಾವುದು, ಬಿಳಿ ಯಾವುದು ತಿಳಿಯಲಿಲ್ಲ.

ಓಹ್, ಇದಾ... ಎಂದುಕೊಂಡೆ.

ನಾನು ಎಂಟು ಸ್ಟಾಪು ತಡೆದೆ. ಟೈಲರಮ್ಮ ಒಂದೂವರೆ ವರ್ಷ.

ಏಳನೇ ಸ್ಟಾಪಿನಲ್ಲಿ ಬಸ್ಸು ನಿಂತಿತು. ಅವಳು ಕೊನೆಯ ಸಲ ಇಳಿದ ಜಾಗ. ಯಾರೋ ಇಳಿದರು. ಯಾರೋ ಹತ್ತಿ ನನ್ನ ಪಕ್ಕ ಕೂತರು. ತಿರುಗಿ ನೋಡಲಿಲ್ಲ. ಹೊಸ ಬಟ್ಟೆಯ, ಮಿಷನ್ ಎಣ್ಣೆಯ ವಾಸನೆ ಬಂತು. ಇಳಿಯುವಾಗ ಪಕ್ಕದ ಸೀಟು ಖಾಲಿ ಇತ್ತು. ಇದನ್ನು ನೀವು ಬರೆದುಕೊಳ್ಳದಿದ್ದರೂ ಸರಿ.

ಸರ್ಕಾರಿ ಆಸ್ಪತ್ರೆ. ಟೈಲರಮ್ಮನಿಗೆ ಕೊನೆಯವರೆಗೂ ಮುಲಾಮು ಕೊಟ್ಟ ಕಣ್ಣಿನ ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ. ಅವರು ಲೈಟು ಹತ್ತಿರ ತಂದರು.

"ಇಲ್ಲಿ ಎರಡು ಗೆರೆ ಇದೆ. ಒಂದು ಅಳಿಸಿದ್ದು. ನೆರಳು ಉಳ್ಕೊಂಡಿದೆ," ಎಂದರು. "ಅಳಿಸಿರೋ ಗೆರೆ ದೊಡ್ಡ ಡಾಕ್ಟ್ರದು. ನಾನು ಅವರ ಹತ್ರಾನೇ ಕಲಿತಿದ್ದು. ಇನ್ನೊಂದು ಯಾರ್ದು?"

ಉತ್ತರಕ್ಕೆ ಕಾಯದೆ ಅವರು ಸಣ್ಣ ಅಳತೆಪಟ್ಟಿ ತೆಗೆದರು. ಫೋಟೋ ತೆಗೆಯಲು ನರ್ಸನ್ನು ಕರೆದರು.

"ನೆಟ್ಟಗೆ ಕೂತ್ಕೊಳ್ಳಿ. ಮೇಲೆ ನೋಡಿ. ಬಾಯಿ ತೆರೀರಿ."

ಬಾಯಿ ತೆರೆದೆ.

"ಮೂರು ಮಿಲಿಮೀಟರ್ ತೆಗೀಬಹುದು. ಇಲ್ಲಿ ಹಾಕಿರೋದು ಎಂಟು! ಕುಯ್ದಿದ್ರೆ ನಿಮ್ಮ ಕಣ್ಣು..."

"ಮುಚ್ತಾ ಇರ್ಲಿಲ್ಲ," ಎಂದೆ.

ಆಮೇಲೆ ಬಾಯಿ ಮುಚ್ಚಲಾಗಲಿಲ್ಲ, ಮೇಡಂ. ಎಲ್ಲವೂ ಬಂತು. ಟೈಲರಮ್ಮ, ಕಾಗದ, ಬಿಟ್ಟ ಎರಡು ಸಾಲು. ಡಾಕ್ಟರಮ್ಮನೇ ನನ್ನನ್ನು ನಿಮ್ಮ ಹತ್ತಿರ ಕಳಿಸಿದ್ದು. ಅಳಿಯ ಸಿಕ್ಕಿಬಿದ್ದರೆ ಆ ಕಾಗದದ ಕೆಳಗಿನ ಸಾಕ್ಷಿ ಸಹಿಯೂ ಸಿಕ್ಕಿಬೀಳುತ್ತದೆ. ಅದು ನನ್ನದು. ಗೊತ್ತಿದ್ದೇ ಬಂದೆ.

ಕಣ್ಣ ಕೆಳಗಿನ ಜೋತ ಚರ್ಮ ಹಾಗೇ ಇದೆ. ಇರಲಿ. ಕಣ್ಣು ಮುಚ್ಚುತ್ತದೆ. ಮುಚ್ಚಿದರೆ ಅವಳು ಬರುತ್ತಾಳೆ, ಅದು ಬೇರೆ ಮಾತು.

ಅವಳ ಮಗಳು ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಒಳಗೆ ಬರುವಾಗ ನನ್ನ ಮುಖ ನೋಡಲಿಲ್ಲ. ಗುಂಡಿ ನೋಡಿದಳು. ಬಿಳಿ ಅಂಗಿ, ನೀಲಿ ದಾರ.

"ಅಮ್ಮನ ಹೊಲಿಗೆ," ಎಂದಳು. ಅಷ್ಟೇ.

ಎಲ್ಲ ಬರೆದುಕೊಂಡಿರಾ? ಕೊಡಿ, ಸಹಿ ಹಾಕುತ್ತೇನೆ.

ಮೊದಲು ಓದಿ ಹೇಳಿ. ಜೋರಾಗಿ, ಹೊರಗೆ ಬೆಂಚಿಗೂ ಕೇಳುವಂತೆ.

ಒಂದು ಸಾಲೂ ಬಿಡಬೇಡಿ, ಮೇಡಂ. ಬಿಟ್ಟರೆ ನನಗೆ ಗೊತ್ತಾಗುತ್ತದೆ... ಅದು ನನ್ನ ಕಸುಬು!