ಗೋಡೆ ಕಟ್ಟುವ ದುಡ್ಡು

"ಈ ನಲ್ಲಿ ನೋಡು, ಕೈ ಒಡ್ಡಿದ್ರೆ ಸಾಕು, ತಾನೇ ನೀರು ಬಿಡತ್ತೆ," ಎಂದಳು ಕ್ಯಾಸಿ.

ಟಿಲ್ಡಾ ನೋಡಲಿಲ್ಲ. ಪಕ್ಕದ ಕೌಂಟಿಯಲ್ಲಿ, ಅಂದರೆ ಪಕ್ಕದ ಜಿಲ್ಲೆಯಲ್ಲಿ, ಚಿಕ್ಕಪ್ಪನ ಮಗಳು ಕ್ಯಾಸಿ ಓದುವ ಈ ಹೊಸ ಶಾಲೆಗೆ ಕಾಲಿಟ್ಟಾಗಿನಿಂದ ಅವಳ ಹೊಟ್ಟೆ ಉರಿಯುತ್ತಿತ್ತು. ಟಿಲ್ಡಾಳ ಊರಿನ ಶಾಲೆಯಲ್ಲಿ ಅವಳ ಕ್ಲಾಸು ಇನ್ನೂ ಟ್ರೇಲರಿನಲ್ಲೇ, ಚಕ್ರದ ಮೇಲಿನ ತಗಡಿನ ಕೋಣೆಯಲ್ಲೇ, ನಡೆಯುತ್ತಿತ್ತು. ಅದು ಸಾಲದೆಂಬಂತೆ, ಇಲ್ಲಿನ ಉದ್ಘಾಟನೆಗೆ ಪಿಟೀಲು ನುಡಿಸಲು ಅವಳನ್ನೇ ಕರೆಸಿದ್ದರು.

ಅವಳು ಹೋಗಿ ಅಜ್ಜಿಯ ಪಕ್ಕ ದೊಪ್ಪೆಂದು ಕುಳಿತಳು.

"ಅಜ್ಜಿ, ನಮ್ಮೂರ ಪೆಟ್ರೋಲ್ ಬಂಕಲ್ಲಿ ಕೂತು ಲಾಟರಿ ಟಿಕೆಟ್ ಮಾರೋದು ನೀನು. ಆ ಲಾಟರಿ ದುಡ್ಡಲ್ಲಿ ಸರ್ಕಾರ ಕಟ್ಟಿಸೋ ಸ್ಕೂಲ್ ಬಿಲ್ಡಿಂಗ್ ಮಾತ್ರ ಪಕ್ಕದ ಕೌಂಟಿಯವರಿಗಾ?"

"ಮೆಲ್ಲಗೆ ಮಾತಾಡೇ. ಬಡ ಕೌಂಟಿಗೆ ಮೊದಲು ಅಂತ ರಾಜ್ಯದವರ ರೂಲ್ಸು. ಇಲ್ಲಿ ಗಿರಣಿ ಮುಚ್ಚಿ ಎಷ್ಟು ವರ್ಷ ಆಯ್ತು, ನಿನ್ನ ಚಿಕ್ಕಪ್ಪನ್ನೇ ಕೇಳು."

"ನಾವೇನು ಸಾಹುಕಾರರಾ?"

"ಇವರಿಗಿಂತ ಒಂದು ಗುಲಗಂಜಿ ವಾಸಿ. ಅದಕ್ಕೇ ಸಿಗಲಿಲ್ಲ," ಎಂದು ಅಜ್ಜಿ ಜೋಳದ ಬ್ರೆಡ್ಡಿನ ತುಂಡೊಂದನ್ನು ಅವಳ ಬಾಯಿಗೆ ತುರುಕಿದರು.

ಅಷ್ಟರಲ್ಲಿ ಕ್ಯಾಸಿ ಮತ್ತೆ ಬಂದಳು. "ಮ್ಯೂಸಿಕ್ ರೂಮ್ ತೋರಿಸ್ತೀನಿ ಬಾರೇ. ನಿನ್ನ ಪಿಟೀಲೂ ತಗೊಂಡ್ ಬಾ."

ದೊಡ್ಡ ಕೋಣೆ. ಗೋಡೆಗೆಲ್ಲ ಸದ್ದು ಹೀರುವ ಮೆತ್ತನೆಯ ಹಲಗೆ. ಹೊಸ ಬಣ್ಣದ ವಾಸನೆ. ಬೇರೇನೂ ಇರಲಿಲ್ಲ.

"ಟೀಚರ್ ಯಾರು?" ಟಿಲ್ಡಾ ಕೇಳಿದಳು.

"ಯಾರೂ ಇಲ್ಲ."

"ಇಷ್ಟು ದೊಡ್ಡ ರೂಮ್ ಕಟ್ಟಿ?"

"ಲಾಟರಿ ದುಡ್ಡಲ್ಲಿ ಗೋಡೆ ಕಟ್ಬಹುದಂತೆ, ಟೀಚರಿಗೆ ಸಂಬಳ ಕೊಡೋ ಹಾಗಿಲ್ವಂತೆ. ಸಂಬಳಕ್ಕೆ ನಮ್ಮ ಕೌಂಟಿ ಹತ್ರ ಕಾಸಿಲ್ಲ."

ಟಿಲ್ಡಾಳಿಗೆ ಹಾಲು ಕುಡಿದಷ್ಟು ಖುಷಿಯಾಯಿತು. "ನಮಗೆ ಪಿಟೀಲು ಕಲಿಸೋಕೆ ಪ್ರೂಯಿಟ್ ಸರ್ ಇದಾರಪ್ಪಾ. ನಂಗೆ ಎಷ್ಟೊಂದು ಹಾಡು ಬರತ್ತೆ."

"ಗೊತ್ತು." ಕ್ಯಾಸಿಯ ಕಣ್ಣು ಪಿಟೀಲಿನ ಪೆಟ್ಟಿಗೆಯ ಮೇಲೇ ಇತ್ತು. "ನೀನು ಕಲಿಯೋಕೆ ಶುರು ಮಾಡ್ದಾಗಿಂದ ನಂಗೆ ನಿನ್ನ ಕಂಡ್ರೆ ಆಗ್ತಿರ್ಲಿಲ್ಲ. ಅದಕ್ಕೇ ಬೆಳಿಗ್ಗೆಯಿಂದ ಜಂಬ ಕೊಚ್ಕೊಂಡೆ."

ಆ ಕೋಣೆ ಈಗ ಟಿಲ್ಡಾಳಿಗೆ ಮೊದಲಿನಷ್ಟು ದೊಡ್ಡದಾಗಿ ಕಾಣಲಿಲ್ಲ. ಕೆಳಗೆ ಕುಳಿತು ಪೆಟ್ಟಿಗೆ ತೆರೆದಳು.

"ಗದ್ದದ ಕೆಳಗೆ ಇಟ್ಕೋ. ಹಂಗಲ್ಲ, ಹಿಂಗೆ. ಭುಜ ಬಿಗಿ ಮಾಡ್ಬೇಡ."

ಕ್ಯಾಸಿ ಕಮಾನು ಎಳೆದಳು. ಬೆಕ್ಕಿನ ಬಾಲ ತುಳಿದಂತಾಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಬಾಗಿಲಾಚೆ ಯಾರೋ ಕೂಗಿದರು: "ಪಿಟೀಲಿನ ಹುಡುಗಿ ಎಲ್ಲಿ? ಜನ ಕಾಯ್ತಿದಾರೆ."

"ಬಂದೆ," ಎಂದಳು ಟಿಲ್ಡಾ. ಆಮೇಲೆ ಕ್ಯಾಸಿಯ ಮೊಣಕೈಯನ್ನು ತುಸು ಮೇಲಕ್ಕೆತ್ತಿ, "ಇನ್ನೊಂದ್ಸಲ ಎಳಿ," ಎಂದಳು.